ಪಾಸ್‌ವರ್ಡ್ ಕೇಳಿತಾ? ಅರ್ಧ ಕೆಲಸ ಆಯಿತು

ಮನೆಯ ಎರಡು ವಿಂಡೋಸ್ ಕಂಪ್ಯೂಟರ್‌ಗಳ ನಡುವೆ ಫೋಲ್ಡರ್ ಶೇರ್ ಮಾಡಲು ಹೋಗಿ ಸುಸ್ತಾದವರು ನನಗೆ ಫೋನ್ ಮಾಡುವ ಹೊತ್ತಿಗೆ ಹಲವು ಸಾಹಸ ಮುಗಿಸಿರುತ್ತಾರೆ. ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಆಫ್ ಆಗಿರುತ್ತದೆ. ಫೋಲ್ಡರ್‌ಗೆ ‘ಎವ್ರಿವನ್, ಫುಲ್ ಕಂಟ್ರೋಲ್’ ಕೊಟ್ಟಾಗಿರುತ್ತದೆ. ಯಾವುದೋ ವಿಡಿಯೊ ನೋಡಿ ಎಸ್‌ಎಂಬಿ 1 (ಫೈಲ್ ಶೇರ್ ಮಾಡುವ ಹಳೆಯ ಪದ್ಧತಿ) ಕೂಡ ಆನ್ ಮಾಡಿರುತ್ತಾರೆ. ಇಷ್ಟಾದರೂ ಫೋಲ್ಡರ್ ಮಾತ್ರ ತೆರೆದಿರುವುದಿಲ್ಲ.

ನಾನು ಮೊದಲು ಇದನ್ನೆಲ್ಲ ಮುಂಚಿನಂತೆ ಮಾಡಿಸುತ್ತೇನೆ. ಎಸ್‌ಎಂಬಿ 1 ಅಂತೂ ಬೇಡವೇ ಬೇಡ. 2017ರ ಮೇ ತಿಂಗಳಲ್ಲಿ ಫೈಲ್‌ಗಳನ್ನು ಒತ್ತೆ ಇಟ್ಟು ಹಣ ಕೇಳುವ ವನ್ನಾಕ್ರೈ ವೈರಸ್ ಹರಡಿದ್ದು ಅದರ ತೂತಿನಿಂದಲೇ. ಆ ವರ್ಷದ ಕೊನೆಯಿಂದ ಮೈಕ್ರೋಸಾಫ್ಟ್ ಅದನ್ನು ವಿಂಡೋಸ್ 10ರಿಂದ ತೆಗೆಯುತ್ತಾ ಬಂದಿದೆ. ವಿಂಡೋಸ್ 10 ಮತ್ತು 11 ತಮ್ಮತಮ್ಮಲ್ಲಿ ಮಾತಾಡಲು ಅದರ ಅಗತ್ಯವೂ ಇಲ್ಲ.

ಇನ್ನೊಂದು ಗೊಂದಲ ‘ನೆಟ್‌ವರ್ಕ್’ ಎಂಬ ಐಕಾನ್‌ನದು. ಅದರೊಳಗೆ ಪಕ್ಕದ ಕೋಣೆಯ ಕಂಪ್ಯೂಟರ್ ಕಾಣುತ್ತಿಲ್ಲ ಎಂದಮಾತ್ರಕ್ಕೆ ಶೇರಿಂಗ್ ಕೆಟ್ಟಿದೆ ಎಂದಲ್ಲ. ಆ ಪಟ್ಟಿ ಬೇರೆ ಸರ್ವೀಸ್‌ಗಳಿಂದ ಬರುತ್ತದೆ, ಆಗಾಗ ಕೈಕೊಡುತ್ತದೆ. ಅದನ್ನು ನೋಡುತ್ತಾ ಕೂರುವ ಬದಲು ಫೋಲ್ಡರ್ ಇರುವ ಕಂಪ್ಯೂಟರ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ipconfig ಎಂದು ಕೊಟ್ಟು ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್‌ನ ನಂಬರ್) ಬರೆದುಕೊಳ್ಳಿ. ಇನ್ನೊಂದು ಕಂಪ್ಯೂಟರ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ಮೇಲಿನ ಅಡ್ರೆಸ್ ಬಾರ್‌ನಲ್ಲಿ \\192.168.1.7 ಎಂಬ ರೀತಿ ಟೈಪ್ ಮಾಡಿ ಎಂಟರ್ ಒತ್ತಿ. ಈಗ ಏನಾಗುತ್ತದೆ ಎಂಬುದರಲ್ಲೇ ಉತ್ತರ ಇದೆ.

ಹಸಿರು ಪಟ್ಟಿ ನಿಧಾನಕ್ಕೆ ತೆವಳಿ, ಕೊನೆಗೆ 0x80070035 ಎಂಬ ದೋಷ ಬಂದರೆ ಅಲ್ಲಿಗೆ ದಾರಿಯೇ ಇಲ್ಲ ಎಂದರ್ಥ. ಆಗ ಪಾಸ್‌ವರ್ಡ್, ಪರ್ಮಿಷನ್ ಯಾವುದನ್ನೂ ಮುಟ್ಟಬೇಡಿ. ಫೋಲ್ಡರ್ ಇರುವ ಕಂಪ್ಯೂಟರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ‘ಪಬ್ಲಿಕ್’ ಎಂದಿದ್ದರೆ ‘ಪ್ರೈವೇಟ್’ ಮಾಡಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಆನ್ ಆಗಿದೆಯಾ ನೋಡಿ. ಪಬ್ಲಿಕ್ ಅಂದರೆ ವಿಂಡೋಸ್ ಪಾಲಿಗೆ ಬಸ್ ಸ್ಟ್ಯಾಂಡಿನ ವೈಫೈ ಇದ್ದ ಹಾಗೆ, ಯಾರಿಗೂ ಬಾಗಿಲು ತೆಗೆಯುವುದಿಲ್ಲ. ಆ ಕಂಪ್ಯೂಟರ್ ಸಿಗುತ್ತದಾ ಎಂದು ನೋಡುವ ಪಿಂಗ್ ಕಮಾಂಡ್‌ಗೆ ಉತ್ತರ ಬರಲಿಲ್ಲ ಎಂದು ಗಾಬರಿಯಾಗಬೇಡಿ, ಅದನ್ನೂ ಇದೇ ಫೈರ್‌ವಾಲ್ ತಡೆದಿರಬಹುದು. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಅದರದ್ದೇ ಫೈರ್‌ವಾಲ್ ಇರುತ್ತದೆ, ಅಲ್ಲೂ ಒಮ್ಮೆ ಇಣುಕಿ.

ಇದಕ್ಕೂ ಬಗ್ಗದಿದ್ದರೆ ಮನೆಯಲ್ಲಿ ಎಷ್ಟು ರೂಟರ್ ಇವೆ ಎಂದು ಕೇಳುತ್ತೇನೆ. ಫೈಬರ್‌ನವರು ಕೊಟ್ಟ ಡಬ್ಬಿ ಹಾಲ್‌ನಲ್ಲಿ, ಮಹಡಿಗೆ ಸಿಗ್ನಲ್ ಸಾಲದೆಂದು ತಂದ ಇನ್ನೊಂದು ಮೇಲೆ. ಈಗ ತುಂಬಾ ಮನೆಗಳಲ್ಲಿ ಹೀಗೇ ಅಲ್ವಾ? ಎರಡೂ ಕಂಪ್ಯೂಟರ್‌ಗಳ ಐಪಿ ವಿಳಾಸ ಪಕ್ಕಪಕ್ಕ ಇಟ್ಟು ನೋಡಿ. ಒಂದು 192.168.1 ಎಂದು, ಇನ್ನೊಂದು 192.168.0 ಎಂದು ಶುರುವಾದರೆ ಸಾಮಾನ್ಯವಾಗಿ ಅವು ಎರಡು ಬೇರೆ ನೆಟ್‌ವರ್ಕ್. ಇಂಟರ್‌ನೆಟ್ ಎರಡರಲ್ಲೂ ಚೆನ್ನಾಗಿ ಬರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಇಲ್ಲಿ ಒಂದು ವಿಚಿತ್ರ ಇದೆ. ಮಹಡಿಯ ಲ್ಯಾಪ್‌ಟಾಪ್‌ನಿಂದ ಕೆಳಗಿನ ಫೋಲ್ಡರ್ ತೆರೆದರೂ ತೆರೆಯಬಹುದು, ಕೆಳಗಿನಿಂದ ಮೇಲಕ್ಕೆ ಮಾತ್ರ ಆಗುವುದಿಲ್ಲ. ಎರಡನೇ ರೂಟರ್ ಅನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕಿದರೆ ಎಲ್ಲವೂ ಒಂದೇ ನೆಟ್‌ವರ್ಕ್‌ಗೆ ಬರುತ್ತವೆ. ಲ್ಯಾಪ್‌ಟಾಪ್ ಗೆಸ್ಟ್ ವೈಫೈಯಲ್ಲಿದ್ದರೂ ಇದೇ ಪಾಡು, ಮನೆಯ ಉಳಿದ ಯಂತ್ರಗಳಿಂದ ದೂರ ಇಡುವುದೇ ಗೆಸ್ಟ್ ವೈಫೈ ಕೆಲಸ.

ಇನ್ನು ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವ ಕಿಟಕಿ. ಅದನ್ನು ನೋಡಿ ಜನ ಬೇಜಾರಾಗುತ್ತಾರೆ, ನನಗೆ ಖುಷಿಯಾಗುತ್ತದೆ. ದಾರಿ ಸರಿ ಇದೆ, ರೂಟರ್ ಸರಿ ಇದೆ, ಫೈರ್‌ವಾಲ್ ಬಿಟ್ಟಿದೆ. ಉಳಿದಿರುವುದು ನೀವು ಯಾರು ಎಂಬ ಪ್ರಶ್ನೆ ಮಾತ್ರ. ಅಲ್ಲಿ ಹೆಚ್ಚಿನವರು ದಿನಾ ಒತ್ತುವ ನಾಲ್ಕಂಕಿಯ ಪಿನ್ ಹಾಕುತ್ತಾರೆ. ಪಿನ್ ಆ ಒಂದು ಯಂತ್ರದ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್ ಮೂಲಕ ನಡೆಯುವುದಿಲ್ಲ. ಬೇಕಾಗಿರುವುದು ಫೋಲ್ಡರ್ ಇರುವ ಕಂಪ್ಯೂಟರ್‌ನ ಅಕೌಂಟ್ ಪಾಸ್‌ವರ್ಡ್. ಪಾಸ್‌ವರ್ಡೇ ಇಲ್ಲದ ಅಕೌಂಟ್ ಆದರೆ ಇನ್ನೂ ಕಷ್ಟ, ಖಾಲಿ ಪಾಸ್‌ವರ್ಡ್‌ನಿಂದ ನೆಟ್‌ವರ್ಕ್‌ನಲ್ಲಿ ಒಳಗೆ ಬರಲು ವಿಂಡೋಸ್ ಬಿಡುವುದಿಲ್ಲ.

ಮೈಕ್ರೋಸಾಫ್ಟ್ ಅಕೌಂಟ್ ಆದರೆ ಪೂರ್ತಿ ಇಮೇಲ್ ವಿಳಾಸ ಮತ್ತು ಅದರ ಪಾಸ್‌ವರ್ಡ್ ಹಾಕಬೇಕು. ಅದು ಎಷ್ಟೋ ಜನರಿಗೆ ನೆನಪಿರುವುದೇ ಇಲ್ಲ! ಅದಕ್ಕೇ ನಾನು ಆ ಕಂಪ್ಯೂಟರ್‌ನಲ್ಲಿ ಶೇರಿಂಗ್‌ಗೆಂದೇ ಒಂದು ಲೋಕಲ್ ಅಕೌಂಟ್ ಮಾಡಿ, ಗಟ್ಟಿ ಪಾಸ್‌ವರ್ಡ್ ಇಟ್ಟು, ಆ ಹೆಸರಿಗಷ್ಟೇ ಫೋಲ್ಡರ್ ತೆರೆದುಕೊಡುತ್ತೇನೆ. ಸರಿಯಾದ ಪಾಸ್‌ವರ್ಡ್ ಹಾಕಿದರೂ ಒಪ್ಪದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಹಳೆಯ ಪಾಸ್‌ವರ್ಡ್ ಕೂತಿರಬಹುದು. ಅಳಿಸಿ, ರೀಸ್ಟಾರ್ಟ್ ಮಾಡಿ.

ಫೋಲ್ಡರ್ ಹೆಸರು ಕಂಡು, ಕ್ಲಿಕ್ ಮಾಡಿದಾಗ ಅನುಮತಿ ಇಲ್ಲ ಎಂದರೆ ವಿಷಯ ಚಿಕ್ಕದು. ಪ್ರಾಪರ್ಟೀಸ್‌ನಲ್ಲಿ ‘ಶೇರಿಂಗ್’ ಒಂದು ಕಡೆ, ‘ಸೆಕ್ಯುರಿಟಿ’ ಇನ್ನೊಂದು ಕಡೆ. ಎರಡೂ ಕಡೆ ಆ ಹೆಸರು ಇರಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ.

ಹಳೆಯ ನ್ಯಾಸ್ ಡಬ್ಬಿ (ನೆಟ್‌ವರ್ಕ್‌ಗೆ ಸೇರಿಸಿದ ಹಾರ್ಡ್ ಡಿಸ್ಕ್) ಇಟ್ಟುಕೊಂಡವರಿಗೆ ಒಂದು ಮಾತು. ವಿಂಡೋಸ್ 11 ಪ್ರೊ 24ಎಚ್2ಗೆ ಅಪ್‌ಡೇಟ್ ಆದಮೇಲೆ, ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ತೆರೆಯುತ್ತಿದ್ದ ಫೋಲ್ಡರ್ ನಿಂತುಹೋಗುತ್ತದೆ. ವಿಂಡೋಸ್‌ನ ಭದ್ರತೆ ಸಡಿಲಿಸುವ ಬದಲು ನ್ಯಾಸ್‌ನಲ್ಲೇ ಒಂದು ಯೂಸರ್ ಮಾಡಿಕೊಳ್ಳಿ.

ಎಲ್ಲ ಸರಿಹೋದ ಮೇಲೆ ಫೋಲ್ಡರ್ ಇರುವ ಯಂತ್ರದ ಐಪಿಯನ್ನು ರೂಟರ್‌ನಲ್ಲಿ ರಿಸರ್ವ್ ಮಾಡಿಸಿ, ಇಲ್ಲದಿದ್ದರೆ ವಿಳಾಸ ಯಾವತ್ತಾದರೂ ಬದಲಾಗುತ್ತದೆ. ಊಟ ಮುಗಿಸಿ ಬರುವಷ್ಟರಲ್ಲಿ ಫೋಲ್ಡರ್ ಮತ್ತೆ ಸಿಗದಿದ್ದರೆ ಸೆಟ್ಟಿಂಗ್ ಮುಟ್ಟುವ ಮುಂಚೆ ಆ ಕಂಪ್ಯೂಟರ್ ಸ್ಲೀಪ್‌ಗೆ ಹೋಗಿದೆಯಾ ನೋಡಿ.