ಹೆಸರು ಕಾಣುತ್ತದೆ, ಪುಟ ಕಾಣುವುದಿಲ್ಲ

ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶವೊಂದಿದೆ. ನಿಮ್ಮ ಲ್ಯಾಪ್‌ಟಾಪ್‌ನಿಂದ ಹೊರಗೆ ಹೋಗುವ, ಒಳಗೆ ಬರುವ ಡೇಟಾವನ್ನು ಅದು ಬಿಡಿಸಿ ತೋರಿಸುತ್ತದೆ. ಅದನ್ನು ಚಾಲೂ ಮಾಡಿ, ಬ್ರೌಸರ್‌ನಲ್ಲಿ ಯಾವುದಾದರೂ ತಾಣ ತೆರೆಯಿರಿ. ಪರದೆ ತುಂಬ ತಲೆಬುಡ ಅರ್ಥವಾಗದ ಅಂಕಿ, ಅಕ್ಷರಗಳು. ಆದರೆ ಶುರುವಿನ ಒಂದು ಪ್ಯಾಕೆಟ್‌ನಲ್ಲಿ (ಡೇಟಾ ಹೀಗೆ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ), ಆ ಕಲಸುಮೇಲೋಗರದ ನಡುವೆ, ತಾಣದ ಹೆಸರು ಮಾತ್ರ ಸಾಮಾನ್ಯವಾಗಿ ಸ್ಪಷ್ಟವಾಗಿಯೇ ಓದಲು ಸಿಗುತ್ತದೆ. ಆಮೇಲೆ ಬರುವುದೆಲ್ಲ ಗೂಢಲಿಪಿ. ಯಾವ ಪುಟ ನೋಡಿದಿರಿ, ಯಾವ ಚಿತ್ರ ಬಂತು, ಏನು ಟೈಪ್ ಮಾಡಿದಿರಿ, ಒಂದೂ ಗೊತ್ತಾಗುವುದಿಲ್ಲ.

ಕಾಲೇಜಿನ ವೈಫೈ ನೋಡಿಕೊಳ್ಳುವವರಿಗೆ ಕಾಣುವುದೂ ಹೆಚ್ಚುಕಡಿಮೆ ಇಷ್ಟೇ. ವಯಸ್ಕರ ತಾಣಗಳನ್ನು ತಡೆಯುವ ಫಿಲ್ಟರ್ ಚಿತ್ರವನ್ನು ನೋಡಿ ತೀರ್ಮಾನ ಮಾಡುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಅದರ ಕೈಯಲ್ಲಿರುವುದು ಹೆಸರುಗಳ ಒಂದು ದೊಡ್ಡ ಪಟ್ಟಿ. ತಾಣದ ಹೆಸರು ಕೊಟ್ಟರೆ ಅದರ ಅಂಕಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆ 1983ರಲ್ಲಿ ರೂಪುಗೊಂಡಿತು. ಪಟ್ಟಿಯಲ್ಲಿರುವ ಹೆಸರನ್ನು ಕೇಳಿದರೆ ಕಾಲೇಜಿನ ಡಿಎನ್‌ಎಸ್ ಸರ್ವರ್ ‘ಅಂಥದ್ದೊಂದು ಇಲ್ಲ’ ಎಂದುಬಿಡುತ್ತದೆ. ಅಲ್ಲಿ ತಪ್ಪಿಸಿಕೊಂಡರೆ, ಆಗ ಹೇಳಿದ ಆ ಮೊದಲ ಪ್ಯಾಕೆಟ್ಟನ್ನು ಫೈರ್‌ವಾಲ್, ಅಂದರೆ ನೆಟ್‌ವರ್ಕ್‌ನ ಬಾಗಿಲಲ್ಲಿ ಕಾವಲಿರುವ ವ್ಯವಸ್ಥೆ, ಓದಿ ಸಂಪರ್ಕ ಕಡಿಯುತ್ತದೆ.

ಈ ಎರಡು ಕಿಂಡಿಗಳೂ ಈಗ ಮುಚ್ಚಿಕೊಳ್ಳುತ್ತಿವೆ. ಡಿಎನ್‌ಎಸ್ ಪ್ರಶ್ನೆಯನ್ನೇ ಗೂಢಲಿಪಿಯಲ್ಲಿ ಕಳಿಸುವ ಮಾನದಂಡಗಳು 2016 ಮತ್ತು 2018ರಲ್ಲಿ ಬಂದವು. ಮೊದಲ ಪ್ಯಾಕೆಟ್‌ನ ಹೆಸರನ್ನೂ ಮರೆಮಾಡುವ ವಿಧಾನವಿದೆ. ಎಲ್ಲ ಡೇಟಾವನ್ನೂ ಗೂಢಲಿಪಿಯಲ್ಲಿ ಬೇರೊಂದು ಸರ್ವರ್ ಮೂಲಕ ಸಾಗಿಸುವ ವಿಪಿಎನ್ ಅಂತೂ ಇದ್ದೇ ಇದೆ. ನೋಡಲೇಬೇಕು ಅಂತ ಹೊರಟವರನ್ನು ಫಿಲ್ಟರ್ ನಿಲ್ಲಿಸುವುದಿಲ್ಲ. ಏನೋ ಹುಡುಕುವಾಗ ಬೇಡದ್ದು ಕಣ್ಣಿಗೆ ಬೀಳುವುದನ್ನು ತಪ್ಪಿಸುತ್ತದೆ. ಅದೂ ಸಣ್ಣ ಉಪಕಾರವೇನಲ್ಲ.

ಹೆಸರಿನ ಮೇಲೆ ನಡೆಯುವ ಕೆಲಸಕ್ಕೆ ಇನ್ನೊಂದು ಮಿತಿಯೂ ಇದೆ. ರೆಡಿಟ್‌ನಲ್ಲಿ ಗಣಿತದ ಚರ್ಚೆಯೂ ಇದೆ, ವಯಸ್ಕರ ಚಿತ್ರಗಳೂ ಇವೆ. ಹೆಸರು ಒಂದೇ. ತಡೆದರೆ ಎರಡೂ ಹೋಗುತ್ತವೆ, ಬಿಟ್ಟರೆ ಎರಡೂ ಬರುತ್ತವೆ.

ಹಾಗಾದರೆ ಫಿಲ್ಟರನ್ನು ಇನ್ನಷ್ಟು ಬಿಗಿ ಮಾಡಿದರಾಯಿತು, ಅಲ್ವಾ? ಇಲ್ಲೇ ನಾವು ಎಡವುವುದು. ಅಮೆರಿಕದ ಕೈಸರ್ ಫ್ಯಾಮಿಲಿ ಫೌಂಡೇಶನ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಶಾಲೆ, ಗ್ರಂಥಾಲಯಗಳಲ್ಲಿ ಬಳಸುವ ಫಿಲ್ಟರ್‌ಗಳನ್ನು ಬೇರೆ ಬೇರೆ ಮಟ್ಟದಲ್ಲಿಟ್ಟು ಪರೀಕ್ಷಿಸಿದರು. ಅತಿ ಸಡಿಲ ಮಟ್ಟದಲ್ಲಿ ಅಶ್ಲೀಲ ತಾಣಗಳಲ್ಲಿ ಶೇ. 87 ಸಿಕ್ಕಿಬಿದ್ದವು. ಆರೋಗ್ಯ ಮಾಹಿತಿಯ ತಾಣಗಳಲ್ಲಿ ತಪ್ಪಾಗಿ ತಡೆಗೆ ಸಿಕ್ಕಿದ್ದು ಶೇ. 1.4 ಮಾತ್ರ. ಅತಿ ಬಿಗಿ ಮಟ್ಟದಲ್ಲಿ ಅಶ್ಲೀಲ ತಾಣಗಳ ಲೆಕ್ಕ ಶೇ. 91ಕ್ಕೆ ಏರಿತು. ಆರೋಗ್ಯ ತಾಣಗಳದ್ದು ಶೇ. 24ಕ್ಕೆ ಹಾರಿತು.

ಈ ನಾಲ್ಕು ಸಂಖ್ಯೆಗಳನ್ನು ಇನ್ನೊಮ್ಮೆ ಓದಿ. ನೂರು ಅಶ್ಲೀಲ ತಾಣಗಳಲ್ಲಿ ನಾಲ್ಕನ್ನು ಜಾಸ್ತಿ ಹಿಡಿಯುವುದಕ್ಕೋಸ್ಕರ, ಆರೋಗ್ಯದ ತಾಣಗಳಲ್ಲಿ ಹತ್ತಿರಹತ್ತಿರ ಕಾಲು ಭಾಗವನ್ನು ಕಳೆದುಕೊಂಡಂತಾಯಿತು. ಒಂದು ಕಾರಣ ಸರಳ. ತಾಣವನ್ನು ಪಟ್ಟಿಗೆ ಸೇರಿಸುವಾಗ ಅದರಲ್ಲಿರುವ ಪದಗಳನ್ನೂ ನೋಡುತ್ತಾರೆ. ಸ್ತನ ಕ್ಯಾನ್ಸರ್, ಗರ್ಭನಿರೋಧಕ, ಲೈಂಗಿಕ ರೋಗ ಎನ್ನುವಾಗ ಬಳಸುವ ಪದಗಳು ಆ ಕಡೆಗೂ ಬೇಕು, ಈ ಕಡೆಗೂ ಬೇಕು. ಫಿಲ್ಟರ್‌ಗಳು ಆಗಿನಿಂದ ಎಷ್ಟೋ ಸುಧಾರಿಸಿವೆ, ನಿಜ. ಆದರೂ 2020ರ ಏಪ್ರಿಲ್‌ನಲ್ಲಿ ಕ್ಲೌಡ್‌ಫ್ಲೇರ್ ಕಂಪನಿ ಕುಟುಂಬಗಳಿಗಾಗಿ ಡಿಎನ್‌ಎಸ್ ಫಿಲ್ಟರ್ ಶುರು ಮಾಡಿದಾಗ, ಲೈಂಗಿಕ ಅಲ್ಪಸಂಖ್ಯಾತರಿಗೆ ಮಾಹಿತಿ ಕೊಡುವ ಕೆಲವು ತಾಣಗಳೂ ಅದರಲ್ಲಿ ಸಿಕ್ಕಿಕೊಂಡವು. ಕಂಪನಿ ತಪ್ಪು ಒಪ್ಪಿಕೊಂಡು ಸರಿಪಡಿಸಿತು.

ಕೆಲವು ಸಂಸ್ಥೆಗಳು ಪುಟದ ಒಳಗನ್ನೇ ನೋಡಲು ಹೊರಡುತ್ತವೆ. ನೆಟ್‌ವರ್ಕ್ ಬಳಸುವವರ ಲ್ಯಾಪ್‌ಟಾಪ್‌ನಲ್ಲಿ ತಮ್ಮದೇ ರೂಟ್ ಸರ್ಟಿಫಿಕೇಟ್, ಅಂದರೆ ಯಾವ ತಾಣ ಅಸಲಿ ಎಂದು ಬ್ರೌಸರ್ ನಂಬಲು ಆಧಾರವಾಗುವ ಪ್ರಮಾಣಪತ್ರ, ಹಾಕಿಸುತ್ತವೆ. ಆಗ ಫೈರ್‌ವಾಲ್ ನಡುವೆ ನಿಂತು ಗೂಢಲಿಪಿ ಬಿಡಿಸಬಲ್ಲದು. ಆದರೆ ಬಿಡಿಸಿದ ಮೇಲೆ ಕಾಣುವುದು ಅಶ್ಲೀಲ ಪುಟವೊಂದೇ ಅಲ್ಲ. ಮೇಲ್, ಡಾಕ್ಟರಿಗೆ ಬರೆದ ಮಾತು, ಬ್ಯಾಂಕಿನ ಪಾಸ್‌ವರ್ಡ್ ಕೂಡ ಕಾಣಬಹುದು. ಹದಿನೆಂಟು ದಾಟಿದ ವಿದ್ಯಾರ್ಥಿಗಳ ಸ್ವಂತ ಲ್ಯಾಪ್‌ಟಾಪ್‌ಗೆ ಇದನ್ನು ಮಾಡಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸಡಿಲ ಮಟ್ಟದ ಡಿಎನ್‌ಎಸ್ ಪಟ್ಟಿ ಸಾಕು. ಜೊತೆಗೆ ಗೂಗಲ್ ಹುಡುಕಾಟವನ್ನು ಅಶ್ಲೀಲ ಫಲಿತಾಂಶಗಳನ್ನು ಸೋಸುವ ಅದರದ್ದೇ ಸೇಫ್‌ಸರ್ಚ್ ವಿಳಾಸಕ್ಕೆ ತಿರುಗಿಸಿದರೆ ಚಿತ್ರಗಳ ಕಾಟವೂ ಬಹಳಷ್ಟು ತಗ್ಗುತ್ತದೆ.

ಇನ್ನು ತಪ್ಪು ತಡೆಯ ಮಾತು. ತಾಣ ಎಚ್‌ಟಿಟಿಪಿಎಸ್ ಆಗಿದ್ದರೆ, ಅಂದರೆ ಗೂಢಲಿಪಿಯಲ್ಲಿ ಮಾತಾಡುವಂಥದ್ದಾದರೆ, ‘ಇದನ್ನು ತಡೆಯಲಾಗಿದೆ’ ಎಂಬ ಸೂಚನೆ ಸಾಮಾನ್ಯವಾಗಿ ಪರದೆಗೆ ಬರುವುದೇ ಇಲ್ಲ. ಕಾಲೇಜಿನ ಸರ್ವರ್ ಆ ತಾಣದ ಹೆಸರಲ್ಲಿ ಉತ್ತರ ಕೊಡಲು ಹೋದರೆ ಬ್ರೌಸರ್ ಅದನ್ನು ನಂಬದೆ ಸುಮ್ನೆ ಒಂದು ಎಚ್ಚರಿಕೆ ತೋರಿಸುತ್ತದೆ. ನೆಟ್ ಕೆಟ್ಟಿದೆ ಅಂದುಕೊಂಡು ವಿದ್ಯಾರ್ಥಿ ಬಿಟ್ಟುಬಿಡುತ್ತಾರೆ. ತಡೆದದ್ದು ಗೊತ್ತಾದರೂ, ಗುಪ್ತರೋಗದ ಬಗ್ಗೆ ಓದಬೇಕಿದ್ದವರು ಕಂಪ್ಯೂಟರ್ ವಿಭಾಗಕ್ಕೆ ಹೋಗಿ ‘ಈ ಪುಟ ಬಿಡಿಸಿಕೊಡಿ ಸರ್’ ಅಂತ ಕೇಳುತ್ತಾರಾ? ಕೇಳಲಾರರು. ಅದಕ್ಕೇ ಕಾಲೇಜಿನ ತಾಣದಲ್ಲಿ ಒಂದು ಫಾರ್ಮ್ ಇರಲಿ. ತಾಣದ ವಿಳಾಸ ಹಾಕಲು ಒಂದೇ ಖಾನೆ. ಹೆಸರು, ರೋಲ್ ನಂಬರ್ ಯಾವುದೂ ಬೇಡ.