‘ಇನ್ಶೂರೆನ್ಸ್ ಇದೆಯಾ?’

ಆಸ್ಪತ್ರೆಯ ಅಡ್ಮಿಶನ್ ಕೌಂಟರಿನಲ್ಲಿ ಎದುರಾಗುವ ಈ ಪ್ರಶ್ನೆಗೆ ‘ಇದೆ’ ಎಂದ ಕೂಡಲೇ ನಾವು ರೇಟು ಕೇಳುವುದನ್ನು ನಿಲ್ಲಿಸುತ್ತೇವೆ. ‘ಕಂಪನಿ ಕೊಡುತ್ತೆ ಬಿಡಿ’ ಎಂಬ ಸಮಾಧಾನ ಬೇರೆ. ಈ ಭ್ರಮೆ ದುಬಾರಿಯದು.

ಹತ್ತು ಮಂದಿ ಹೋಟೆಲಿಗೆ ಹೋಗಿ, ಬಿಲ್ಲನ್ನು ಸಮನಾಗಿ ಹಂಚಿಕೊಳ್ಳಲು ಒಪ್ಪಿದರೆನ್ನಿ. 200 ರೂಪಾಯಿಯ ಸಿಹಿ ತರಿಸಿದವನಿಗೆ ಬೀಳುವುದು 20 ರೂಪಾಯಿ. ಹತ್ತೂ ಮಂದಿ ಇದೇ ಲೆಕ್ಕ ಹಾಕಿದರೆ ಪ್ರತಿಯೊಬ್ಬರೂ 200 ತೆತ್ತೇ ಏಳಬೇಕು. ಇದು ಹೋಟೆಲಿನವನಿಗೂ ಗೊತ್ತು: ಸಿಹಿಯ ಬೆಲೆಯನ್ನು 300 ಮಾಡಿದರೂ ತರಿಸುವವನಿಗೆ ಹೆಚ್ಚಾಗುವುದು 10 ರೂಪಾಯಿ, ಯಾರೂ ತಕರಾರು ಎತ್ತುವುದಿಲ್ಲ. ವಿಮೆಯ ಪಂಕ್ತಿಯಲ್ಲಿ ಕೂತವರು ಲಕ್ಷಾಂತರ ಮಂದಿ. ಬಿಲ್ಲು ಬರುವುದು ಮುಂದಿನ ವರ್ಷದ ಪ್ರೀಮಿಯಂ ಆಗಿ.

ಬಿಲ್ಲು ಬೇರೆ ಯಾರೋ ಕಟ್ಟುತ್ತಾರೆಂಬ ಭ್ರಮೆ ಶಿಕ್ಷಣ ಸಾಲದಲ್ಲೂ ಇದೆ. ಅಲ್ಲಿ ಆ ‘ಬೇರೆ ಯಾರೋ’ ಹತ್ತು ವರ್ಷ ದೊಡ್ಡವನಾದ ಅದೇ ವಿದ್ಯಾರ್ಥಿ. ಸರ್ಕಾರದ ನೆರವು ಹೆಚ್ಚಿದಷ್ಟೂ ಕಾಲೇಜುಗಳು ಧೈರ್ಯವಾಗಿ ಫೀಸು ಏರಿಸುತ್ತವೆ ಎಂದು ಅಮೆರಿಕದ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್ 1987ರಲ್ಲಿ ವಾದಿಸಿದ್ದರು. ಅದರ ಬಗ್ಗೆ ಅರ್ಥಶಾಸ್ತ್ರಜ್ಞರ ಜಗಳ ಇನ್ನೂ ಮುಗಿದಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಪ್ರಯೋಗವೇ ನಡೆದಿದೆ. 1970ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಸಾವಿರಾರು ಕುಟುಂಬಗಳನ್ನು ಚೀಟಿ ಎತ್ತಿದಂತೆ ಬೇರೆ ಬೇರೆ ವಿಮೆಗಳಿಗೆ ಹಂಚಿತು. ಕೆಲವರಿಗೆ ಎಲ್ಲ ಉಚಿತ, ಕೆಲವರು ಒಂದು ಮಿತಿಯವರೆಗೆ ಬಿಲ್ಲಿನ ಶೇ. 95ರಷ್ಟನ್ನು ತಾವೇ ಕಟ್ಟಬೇಕು. ಕಟ್ಟಿದವರ ಚಿಕಿತ್ಸಾ ವೆಚ್ಚ ಸುಮಾರು ಶೇ. 30 ಕಡಿಮೆ, ಸರಾಸರಿ ಆರೋಗ್ಯದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ಅಧಿಕ ರಕ್ತದೊತ್ತಡವಿದ್ದ ಬಡವರಿಗೆ ಉಚಿತ ಚಿಕಿತ್ಸೆಯಿಂದಲೇ ಒಳ್ಳೆಯದಾಯಿತು. ಹಾಗಾಗಿ ವಿಮೆಯನ್ನೇ ಕಿತ್ತುಹಾಕಿ ಎನ್ನುವವರ ಮಾತು ಕೇಳಬೇಡಿ. ರೋಗಿಯ ಬದಲು ರೇಟು ಕೇಳುವವರೊಬ್ಬರು ಇರಬೇಕು, ಅಷ್ಟೆ. 2003ರಲ್ಲಿ ಕರ್ನಾಟಕದ ಸಹಕಾರಿ ರೈತರಿಗಾಗಿ ಬಂದ ‘ಯಶಸ್ವಿನಿ’ ಆರೋಗ್ಯ ಯೋಜನೆಯಲ್ಲಿ ಆಗ ರೈತನ ಪಾಲು ತಿಂಗಳಿಗೆ 5 ರೂಪಾಯಿ ಇತ್ತು. ಪ್ರತಿ ಶಸ್ತ್ರಚಿಕಿತ್ಸೆಯ ದರವನ್ನು ಆಸ್ಪತ್ರೆಗಳ ಜೊತೆ ಮೊದಲೇ ಗೊತ್ತುಮಾಡಿಕೊಂಡದ್ದರಿಂದ ಅದು ಸಾಧ್ಯವಾಯಿತು.

ಖಾಸಗಿ ಪಾಲಿಸಿಯಾದರೆ ರೂಮಿನ ಬಾಡಿಗೆ ನೋಡಿ. 5 ಲಕ್ಷದ ಪಾಲಿಸಿಯಲ್ಲಿ ಶೇ. 1ರ ಮಿತಿ ಇದ್ದರೆ ದಿನಕ್ಕೆ 5,000. ನೀವು 10,000ದ ರೂಮು ಹಿಡಿದರೆ ಕಳೆಯುವುದು ಬಾಡಿಗೆಯ ಅರ್ಧ ಮಾತ್ರವಲ್ಲ. ಬಹಳಷ್ಟು ಆಸ್ಪತ್ರೆಗಳಲ್ಲಿ ಸರ್ಜನ್, ನರ್ಸಿಂಗ್, ಆಪರೇಷನ್ ಥಿಯೇಟರ್ ಶುಲ್ಕಗಳು ರೂಮಿನ ದರ್ಜೆಯ ಜೊತೆಗೇ ಏರುತ್ತವೆ. ಆದ್ದರಿಂದ ವಿಮಾ ಕಂಪನಿ ಅವುಗಳನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತದೆ. ಆ ಶುಲ್ಕಗಳು 1,20,000 ಆಗಿದ್ದರೆ 60,000 ನಿಮ್ಮ ಕೈಯಿಂದಲೇ. ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳಿಗೆ ಈ ಕತ್ತರಿ ತಾಗಬಾರದೆಂಬ ನಿಯಮವಿದೆ. ಡಿಸ್ಚಾರ್ಜ್ ದಿನ ಬಿಲ್ಲಿನಲ್ಲಿ ಆ ಸಾಲುಗಳನ್ನು ಬೆರಳಿಟ್ಟು ನೋಡಿ.