ಮೀಟುವ ಜಾಗದ ಲೆಕ್ಕಾಚಾರ: ಬ್ಲೂಸ್ ಗಿಟಾರಿನ ಟೋನ್ ಎಲ್ಲಿ ಹುಟ್ಟುತ್ತದೆ?

ರಾಬರ್ಟ್ ಜಾನ್ಸನ್ ಮಿಸಿಸಿಪ್ಪಿಯ ಯಾವುದೋ ಕೂಡುರಸ್ತೆಯಲ್ಲಿ ನಡುರಾತ್ರಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ವಿದ್ಯೆ ಪಡೆದನಂತೆ. ಅಮೆರಿಕದ ಕಪ್ಪುಜನರ ಬ್ಲೂಸ್ ಸಂಗೀತದ ಮಾತು ಬಂದಲ್ಲೆಲ್ಲ ಈ ಕಥೆ ಬಂದೇ ಬರುತ್ತದೆ. 1936 ಮತ್ತು 1937ರಲ್ಲಿ ಟೆಕ್ಸಸ್‌ನಲ್ಲಿ 29 ಹಾಡುಗಳನ್ನು ಧ್ವನಿಮುದ್ರಿಸಿ 1938ರಲ್ಲಿ ತೀರಿಕೊಂಡ ಈ ವಾದಕ, ಐಕ್ ಝಿಮ್ಮರ್‌ಮನ್ ಎಂಬ ಹಿರಿಯನ ಬಳಿ ಕುಳಿತು ಕಲಿತಿದ್ದ ಎಂಬ ಸಂಗತಿ ಮಾತ್ರ ಯಾರಿಗೂ ರುಚಿಸುವುದಿಲ್ಲ. ಈಗ ಸೈತಾನನ ಜಾಗದಲ್ಲಿ ‘ಬೆರಳಿನ ಮಾಂತ್ರಿಕತೆ’ ಬಂದು ಕೂತಿದೆ. ಟೋನ್, ಅಂದರೆ ನಾದದ ಗುಣ, ಇರುವುದು ಬೆರಳಿನಲ್ಲೇ ಎಂಬ ಮಾತಿಗೆ ನನ್ನ ತಕರಾರಿಲ್ಲ. ಅದನ್ನು ವಿವರಿಸಲಾಗದು ಎನ್ನುವವರ ಮೇಲೆ ಇದೆ.

ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಆಗಲಿ ಬೆರಳಾಗಲಿ ತಂತಿಯನ್ನು ಪಕ್ಕಕ್ಕೆಳೆದು ಮೊನೆಯೊಂದನ್ನು ಮೂಡಿಸಿ ಬಿಟ್ಟುಬಿಡುತ್ತದೆ. ಬಿಟ್ಟ ಗಳಿಗೆಯಲ್ಲಿ ಆ ಮೊನೆ ಎಲ್ಲಿತ್ತು, ಎಷ್ಟು ಚೂಪಾಗಿತ್ತು, ತಂತಿ ಎಷ್ಟು ದೂರ ಸರಿದಿತ್ತು ಎಂಬುದರ ಮೇಲೆ ಬಹುಪಾಲು ಎಲ್ಲವೂ ನಿರ್ಧಾರವಾಗುತ್ತದೆ.

ಮೊದಲು ‘ಎಲ್ಲಿ’ ಎಂಬುದನ್ನು ನೋಡೋಣ, ಏಕೆಂದರೆ ಸೊಗಸಿರುವುದು ಅಲ್ಲೇ. ತಂತಿ ಒಂದೇ ಬಗೆಯಲ್ಲಿ ಕಂಪಿಸುವುದಿಲ್ಲ. ಇಡಿಯಾಗಿ ಕಂಪಿಸುತ್ತಲೇ ಎರಡು, ಮೂರು, ನಾಲ್ಕು ಸಮಭಾಗಗಳಾಗಿಯೂ ಕಂಪಿಸುತ್ತದೆ. ಇವೇ ಹಾರ್ಮೋನಿಕ್‌ಗಳು. ಭಾಗಗಳು ಕೂಡುವ ಬಿಂದುಗಳಲ್ಲಿ ಆಯಾ ಹಾರ್ಮೋನಿಕ್‌ನ ಅಲುಗಾಟ ಇರುವುದಿಲ್ಲ. ಅಂಥ ಬಿಂದುವಿನಲ್ಲೇ ಮೀಟಿದರೆ ಆ ಹಾರ್ಮೋನಿಕ್ ಏಳುವುದೇ ಇಲ್ಲ; ಉಯ್ಯಾಲೆಯನ್ನು ಮೇಲಿನ ಕೊಂಡಿಯ ಬಳಿ ಹಿಡಿದು ತಳ್ಳಿದ ಹಾಗೆ. ಇದನ್ನು 1800ರಲ್ಲೇ ಗುರುತಿಸಿದವನು ಥಾಮಸ್ ಯಂಗ್. ಬೆಳಕು ಅಲೆ ಎಂದು ವಾದಿಸಿದ, ಮುಂದೆ ಈಜಿಪ್ಟಿನ ಚಿತ್ರಲಿಪಿಗೂ ಕೈ ಹಾಕಿದ ಅದೇ ಇಂಗ್ಲಿಷ್ ವೈದ್ಯ. 1863ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದೇ ನಿಯಮವನ್ನು ತನ್ನ ನಾದಶಾಸ್ತ್ರದ ಗ್ರಂಥದಲ್ಲಿ ವಿಸ್ತರಿಸಿದ.

ಲೆಕ್ಕ ಹಾಕಿಯೇ ನೋಡಿ. ಫೆಂಡರ್ ಕಂಪನಿಯ ಬಹುತೇಕ ಗಿಟಾರುಗಳಲ್ಲಿ ತೆರೆದ, ಅಂದರೆ ಎಲ್ಲೂ ಒತ್ತದ, ತಂತಿಯ ಉದ್ದ ಸುಮಾರು 648 ಮಿಲಿಮೀಟರ್. ಬ್ರಿಡ್ಜ್‌ನಿಂದ (ಗಿಟಾರಿನ ಒಡಲ ಮೇಲೆ ತಂತಿ ಕೊನೆಗೊಳ್ಳುವ ಆಸರೆ) 162 ಮಿಲಿಮೀಟರ್ ದೂರದಲ್ಲಿ, ಅಂದರೆ ಕಾಲುಭಾಗದಲ್ಲಿ ಮೀಟಿದರೆ 4, 8, 12ನೇ ಹಾರ್ಮೋನಿಕ್‌ಗಳು ಮಾಯ. ಈಗ ಬಲಗೈಯನ್ನು ಕದಲಿಸದೆ ಎಡಗೈಯಿಂದ 12ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಒತ್ತಿ. ತಂತಿ 324 ಮಿಲಿಮೀಟರ್‌ಗೆ ಇಳಿಯಿತು, ಅದೇ ಜಾಗ ಈಗ ನಟ್ಟನಡುವಾಯಿತು! ಸಮಸಂಖ್ಯೆಯ ಹಾರ್ಮೋನಿಕ್‌ಗಳೆಲ್ಲ ಹೋಗಿ ಕ್ಲಾರಿನೆಟ್ಟನ್ನು ನೆನಪಿಸುವ ಟೊಳ್ಳು ದನಿ ಬರುತ್ತದೆ. ಬ್ರಿಡ್ಜ್‌ನ ಪಕ್ಕಕ್ಕೆ ಸರಿದು ಮೀಟಿದರೆ ಮೂಲಸ್ವರ, ಅಂದರೆ ತಂತಿಯ ಇಡಿಯಾದ ಕಂಪನದ ಸ್ವರ, ಬಡವಾಗಿ ಮೇಲಿನ ಹಾರ್ಮೋನಿಕ್‌ಗಳು ಅದಕ್ಕೆ ಸರಿಸಮವಾಗಿ ನಿಲ್ಲುತ್ತವೆ, ನಾದ ತೆಳುವಾಗಿ ಕಿವಿಗೆ ಚುಚ್ಚುತ್ತದೆ. ಒಂದೇ ಹಾಡಿನಲ್ಲಿ ವಾದಕನ ಕೈ ಹಿಂದೆ ಮುಂದೆ ಜಾರುತ್ತಿರುವುದು ಸುಮ್ಮನೆ ಅಲ್ಲ.

ಚೂಪಿನ ವಿಷಯ ಸರಳ. ಗಟ್ಟಿ ಪಿಕ್ ತಂತಿಯನ್ನು ಹರಿತವಾಗಿ ಮಣಿಸಿ ಥಟ್ಟನೆ ಬಿಡುತ್ತದೆ. ಮೆತ್ತಗಿನ ಬೆರಳತುದಿ ಆ ಮೊನೆಯನ್ನು ದುಂಡಗಾಗಿಸುತ್ತದೆ, ಎತ್ತರದ ಹಾರ್ಮೋನಿಕ್‌ಗಳು ಸೊರಗುತ್ತವೆ. ಬ್ಲೂಸ್ ವಾದಕ ಆಲ್ಬರ್ಟ್ ಕಿಂಗ್ ಹೆಬ್ಬೆರಳಿನಲ್ಲೇ ನುಡಿಸುತ್ತಿದ್ದ. ಇನ್ನೊಬ್ಬ ಬ್ಲೂಸ್ ವಾದಕ ಫ್ರೆಡ್ಡಿ ಕಿಂಗ್ ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ತೋರುಬೆರಳಿಗೆ ಲೋಹದ ಪಿಕ್ ತೊಡುತ್ತಿದ್ದ. ಇಬ್ಬರ ಗಿಟಾರುಗಳನ್ನು ಅದಲುಬದಲು ಮಾಡಿದರೂ ಯಾರು ಯಾರೆಂದು ಗುರುತು ಸಿಗುತ್ತಿತ್ತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಇನ್ನು ರಭಸ. ಜೋರಾಗಿ ಮೀಟಿದಾಗ ತಂತಿ ಹಿಗ್ಗಿ ಬಿಗುವು ಏರುತ್ತದೆ, ಸ್ವರ ಕೂದಲೆಳೆಯಷ್ಟು ಮೇಲಿಂದ ಶುರುವಾಗಿ ಕೆಳಗಿಳಿದು ನೆಲೆಗೊಳ್ಳುತ್ತದೆ. ಜೊತೆಗೆ ವಾಲ್ವ್ ಆಂಪ್ಲಿಫಯರ್ (ಗಾಜಿನ ನಿರ್ವಾತ ನಳಿಗೆಗಳಿರುವ ಧ್ವನಿವರ್ಧಕ) ಇದ್ದರೆ ಇನ್ನೊಂದು ಆಟ. ಸಂಕೇತ ಒಂದು ಮಿತಿ ದಾಟಿದ ಮೇಲೆ ಅದು ಸದ್ದನ್ನು ಅಷ್ಟಾಗಿ ಹೆಚ್ಚಿಸದೆ ಅಲೆಯ ನೆತ್ತಿಯನ್ನು ಚಪ್ಪಟೆ ಮಾಡುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಮೆಲ್ಲಗೆ ಮೀಟಿದರೆ ತಿಳಿಯಾದ ನಾದ, ಬಿರುಸಾಗಿ ಮೀಟಿದರೆ ಕೆರಳಿದ ನಾದ.

ಆಂಪ್ಲಿಫಯರಿನ ಗುಂಡಿಯನ್ನು ಇನ್ನೂ ತಿರುಗಿಸಿದರೆ ಟೋನ್ ಇನ್ನೂ ಚೆನ್ನಾಗುತ್ತದೆ ಎಂದು ನಂಬುವವರು ಎಡವುವುದು ಇಲ್ಲಿಯೇ. ಆಂಪ್ಲಿಫಯರ್ ಎಲ್ಲವನ್ನೂ ಚಪ್ಪಟೆ ಮಾಡತೊಡಗಿದರೆ, ಯಂಗ್‌ನ ನಿಯಮದಂತೆ ಮಾಯವಾದ ಹಾರ್ಮೋನಿಕ್‌ಗಳೂ ಅದರೊಳಗೇ ಮತ್ತೆ ಹುಟ್ಟಿಕೊಳ್ಳುತ್ತವೆ. ಆಗ ಕಾಲುಭಾಗದಲ್ಲಿ ಮೀಟಿದರೂ ನಡುವೆ ಮೀಟಿದರೂ ಬಹುತೇಕ ಒಂದೇ ಗದ್ದಲ. ಆದ್ದರಿಂದಲೇ ಬ್ಲೂಸ್ ವಾದಕರು ಆಂಪ್ಲಿಫಯರನ್ನು ನಾದ ಒಡೆಯತೊಡಗುವ ಅಂಚಿನಲ್ಲಿ ನಿಲ್ಲಿಸಿ, ಆ ಅಂಚನ್ನು ಯಾವಾಗ ದಾಟಬೇಕೆಂಬುದನ್ನು ಬಲಗೈಗೆ ಬಿಡುತ್ತಾರೆ.